ಮೈಲುತುತ್ತು ಬಣ್ಣದ ಕಲ್ಲು

ಹೋದ ವರ್ಷ ಮೇ ಕೊನೆಯಲ್ಲಿ ವಿರಾಜಪೇಟೆಯಿಂದ ಒಂದು ಫೋನ್ ಬಂತು. "ಅಕ್ಕಾ, ನಿಮ್ಮ ಹತ್ತಿರ ತಗೊಂಡ ಸರ ಬಣ್ಣ ಬಿಟ್ಟಿದೆ. ರವಿಕೆಯ ಕುತ್ತಿಗೆ ಪೂರ್ತಿ ನೀಲಿ ಆಗಿದೆ." ಅಷ್ಟೇ ಹೇಳಿದರು. ಬೈಯಲಿಲ್ಲ, ಕೂಗಾಡಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿತು.

ಅವರ ತಂಗಿಯ ಮದುವೆಯಂತೆ. ಮಧ್ಯಾಹ್ನದವರೆಗೂ ಒಳ್ಳೇ ಬಿಸಿಲಿತ್ತಂತೆ, ವಾಲಗ ಶುರುವಾಗಿ ಎಲ್ಲರೂ ಕುಣಿಯುತ್ತಿರುವಾಗ ಮಳೆ ಹೊಡೆದಿದೆ. ನಮ್ಮಲ್ಲಿ ಮೇ ತಿಂಗಳ ಮಳೆ ಗೊತ್ತಲ್ವಾ, ಹೇಳಿ ಕೇಳಿ ಬರುವುದಿಲ್ಲ. ಕೆನೆ ಬಣ್ಣದ ರೇಷ್ಮೆ ರವಿಕೆ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದರು. ಒಂದೊಂದು ಮಣಿ ಕೂತ ಜಾಗದಲ್ಲೂ ಒಂದೊಂದು ನೀಲಿ ಕಲೆ, ಅಳತೆ ಮಾಡಿ ಇಟ್ಟ ಹಾಗೆ.

ನಾನು ಕುಶಾಲನಗರದಿಂದ ಸ್ವಲ್ಪ ಈಚೆ, ಗುಡ್ಡೆಹೊಸೂರು ಕಡೆ ಇರುವವಳು. ಮನೆಯಲ್ಲೇ ಕೂತು ಮಣಿ ಪೋಣಿಸುತ್ತೇನೆ. ಸರ, ಓಲೆ, ಕೈಗೆ ಹಾಕುವ ಎಳೆ, ಹಳೇ ಸರದ ದಾರ ಹೋಗಿದ್ದರೆ ಹೊಸ ದಾರ, ಇಂಥದ್ದೆಲ್ಲ. ಆ ಸರವನ್ನು ನಾನು ಟರ್ಕಾಯ್ಸ್, ಅಂದರೆ ನಮ್ಮಲ್ಲಿ ಫಿರೋಜಾ ಅನ್ನುವ ನೀಲಿ ಹಸಿರು ರತ್ನ, ಅಂತಲೇ ಹೇಳಿ ಮಾರಿದ್ದೆ. ನಂಬಿಕೊಂಡೇ ಹೇಳಿದ್ದೆ. ನನಗೆ ಮಣಿ ಕೊಟ್ಟ ಸಗಟು ವ್ಯಾಪಾರಿ ಟರ್ಕಾಯ್ಸ್ ಅಂದರು, ನಾನೂ ಅದನ್ನೇ ಮುಂದೆ ಹೇಳಿದೆ. ಆದರೆ ಕೊಂಡವರು ನಂಬಿದ್ದು ಆ ವ್ಯಾಪಾರಿಯನ್ನಲ್ಲ, ನನ್ನನ್ನು. ಸರದ ಹಣ, ರವಿಕೆಯ ಹಣ ಎರಡೂ ವಾಪಸ್ ಕೊಟ್ಟೆ, ಸರ ವಾಪಸ್ ತರಿಸಿಕೊಂಡೆ.

ಅವತ್ತು ಸಂಜೆ ಒಂದು ಮಣಿಯನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಇಕ್ಕಳದಲ್ಲಿ ಒತ್ತಿದೆ. ಪಟ್ ಅಂತ ಎರಡು ಹೋಳಾಯಿತು. ಒಳಗೆ ಬೆಳ್ಳಗೆ, ಸೀಮೆಸುಣ್ಣದ ಹಾಗೆ. ಹೊರಗಿನ ಸುತ್ತ ಮಾತ್ರ ಒಂದು ನೀಲಿ ಅಂಚು, ಉಗುರಿನಷ್ಟು ತೆಳು. ಮೊಟ್ಟೆಯ ಸಿಪ್ಪೆಗೆ ಬಣ್ಣ ಹಚ್ಚಿದ ಹಾಗಿತ್ತು. ಇಷ್ಟು ದಿನ ಕೈಯಲ್ಲಿ ಹಿಡಿದು ನೂರಾರು ಮಣಿ ಪೋಣಿಸಿದ್ದೇನೆ, ಒಮ್ಮೆಯೂ ಒಳಗೆ ಏನಿದೆ ಅಂತ ನೋಡಿರಲಿಲ್ಲ.

ಆ ಬಿಳಿ ಕಲ್ಲಿನ ಹೆಸರು ಹೌಲೈಟ್. ಕೆನಡಾದ ನೋವಾ ಸ್ಕೋಷಿಯಾದಲ್ಲಿ 1868ರಲ್ಲಿ ಹೆನ್ರಿ ಹೌ ಎಂಬ ರಸಾಯನಶಾಸ್ತ್ರಜ್ಞ ಅದನ್ನು ಮೊದಲು ವಿವರಿಸಿದ್ದು, ಅವರ ಹೆಸರೇ ಕಲ್ಲಿಗೆ ಬಂತು. ಕ್ಯಾಲ್ಸಿಯಂ, ಬೋರಾನ್, ಸಿಲಿಕಾನ್ ಸೇರಿದ ಖನಿಜ ಅದು. ಟರ್ಕಾಯ್ಸ್‌ಗೆ ನೀಲಿ ಕೊಡುವ ತಾಮ್ರದ ಸುಳಿವೇ ಇಲ್ಲ. ಹುಟ್ಟಾ ಅದಕ್ಕೆ ಬೂದು ಕಪ್ಪು ಗೆರೆಗಳಿರುತ್ತವೆ, ಥೇಟ್ ಟರ್ಕಾಯ್ಸ್‌ನಲ್ಲಿ ಇರುವ ಗೆರೆಗಳ ಹಾಗೇ. ಜೊತೆಗೆ ಬಣ್ಣವನ್ನು ಚೆನ್ನಾಗಿ ಹೀರುತ್ತದೆ. ನೀಲಿ ಬಣ್ಣದಲ್ಲಿ ನೆನೆಸಿ ತೆಗೆದರೆ ಮುಗಿಯಿತು, ನೋಡುವವರಿಗೆ ಟರ್ಕಾಯ್ಸ್. ಮ್ಯಾಗ್ನಸೈಟ್ ಎಂಬ ಇನ್ನೊಂದು ಬಿಳಿ ಕಲ್ಲಿಗೂ ಇದೇ ಗತಿ. ಇವು ಕೆಟ್ಟ ಕಲ್ಲುಗಳಲ್ಲ, ಹೇಳುವ ಹೆಸರು ಸುಳ್ಳು ಅಷ್ಟೇ.

ಹಾಗಾದರೆ ನಿಜವಾದ ಟರ್ಕಾಯ್ಸ್ ಹೇಗಿರುತ್ತದೆ? ನಾನು ಅದನ್ನು ಮೊದಲು ಕೈಯಲ್ಲಿ ಹಿಡಿದದ್ದು ಆಭರಣದ ಅಂಗಡಿಯಲ್ಲಿ ಅಲ್ಲ. ನನ್ನ ಮನೆಯ ಜಗಲಿಯಲ್ಲೇ.

ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆ. ಅಲ್ಲಿಂದ ಹತ್ತು ನಿಮಿಷಕ್ಕೆ ಬೈಲಕುಪ್ಪೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ, 1960ರ ಹೊತ್ತಿಗೆ ಟಿಬೆಟ್‌ನಿಂದ ಬಂದವರಿಗೆ ಅಲ್ಲಿ ಕಾಡು ಕಡಿದು ಜಾಗ ಮಾಡಿಕೊಟ್ಟರು. ಈಗ ನಮ್ಮ ಸಂತೆಗೆ ಅವರು ಬರುತ್ತಾರೆ, ಅವರ ಮೋಮೋ ತಿನ್ನಲು ನಾವು ಹೋಗುತ್ತೇವೆ. ವಯಸ್ಸಾದ ಹೆಂಗಸರನ್ನು ನಾವೂ ಅವರ ಹಾಗೇ ಅಮಾಲಾ ಅಂತ ಕರೆಯುವುದು ರೂಢಿ. ಅಂಥ ಒಬ್ಬರು ಅಮಾಲಾ ಕೆಲವು ವರ್ಷದ ಹಿಂದೆ ಅವರ ಹೊಸ ವರ್ಷದ ಲೋಸಾರ್ ಹಬ್ಬಕ್ಕೆ ಮುಂಚೆ ನನ್ನ ಹತ್ತಿರ ಒಂದು ಸರ ತಂದಿದ್ದರು. ದಾರ ಜೀರ್ಣವಾಗಿತ್ತು. ಹವಳ, ಅಂಬರ್, ನಡುವೆ ಮೂರು ಟರ್ಕಾಯ್ಸ್. ಬಿಟ್ಟು ಹೋಗಿ, ನಾಳೆ ಕೊಡುತ್ತೇನೆ ಎಂದೆ. "ಇಲ್ಲ ಮಗಳೇ, ನಾನು ಇಲ್ಲೇ ಕೂತಿರುತ್ತೇನೆ, ನೀನು ಮಾಡು" ಅಂದರು, ಒಳ್ಳೇ ಕನ್ನಡದಲ್ಲಿ. ಎರಡು ಗಂಟೆ ಜಗಲಿಯಲ್ಲಿ ಕೂತು ಜಪಮಾಲೆ ಎಣಿಸುತ್ತಾ ನನ್ನ ಕೈಯನ್ನೇ ನೋಡುತ್ತಿದ್ದರು.

ನಡುವಿನ ಕಲ್ಲು ಹುಣಸೆ ಬೀಜದಷ್ಟು ದೊಡ್ಡದು. ಅಂಗಡಿಯ ಮಣಿಗಳ ಹಾಗೆ ಗುಂಡಗೆ ಇರಲಿಲ್ಲ, ಒಂದು ಕಡೆ ಉಬ್ಬು, ಒಂದು ಕಡೆ ಚಪ್ಪಟೆ. ತೂತು ದುಂಡಗೆ ಕೊರೆದದ್ದೇ ಇರಬೇಕು, ಆದರೆ ದಾರ ಉಜ್ಜಿ ಉಜ್ಜಿ ಒಂದು ಕಡೆಗೆ ಸವೆದು ಉದ್ದವಾಗಿತ್ತು. ಬಣ್ಣ ನೀಲಿ ಅನ್ನೋದಕ್ಕಿಂತ ಹಸಿರು. ತಾಮ್ರದ ಹಂಡೆಯನ್ನು ತುಂಬಾ ದಿನ ತಿಕ್ಕದೆ ಬಿಟ್ಟರೆ ಕಿಲುಬು ಕಟ್ಟುತ್ತದಲ್ಲ, ಆ ಹಸಿರು. ಅದರೊಳಗೆ ಕಂದು ಗೆರೆಗಳು, ಜೇಡರ ಬಲೆಯ ಎಳೆಗಳ ಹಾಗೆ. ಕೈಗೆ ತಣ್ಣಗೆ. ಹೊಳಪು ಗಾಜಿನದ್ದಲ್ಲ, ಮೇಣದ್ದು.

ಅದು ಅವರ ಅಜ್ಜಿಯದಂತೆ. ಅಜ್ಜಿಯ ಕತ್ತಿನಲ್ಲಿದ್ದಾಗ ನೀಲಿಯಾಗಿತ್ತು, ತಾಯಿಯ ಕತ್ತಿಗೆ ಬಂದ ಮೇಲೆ ಹಸಿರಾಗುತ್ತಾ ಬಂತು ಅಂತ ಮನೆಯಲ್ಲಿ ಹೇಳುತ್ತಿದ್ದರಂತೆ. ಇಲ್ಲಿಗೆ ಬಂದ ಹೊಸದರಲ್ಲಿ ಎಷ್ಟೋ ಕಲ್ಲುಗಳನ್ನು ತಾಯಿ ಒಂದೊಂದಾಗಿ ಮಾರಿದರಂತೆ, ಇದನ್ನು ಮಾತ್ರ ಮಾರಲಿಲ್ಲ. ಅವರ ಭಾಷೆಯಲ್ಲಿ ಇದಕ್ಕೆ ಯು ಎನ್ನುತ್ತಾರೆ. ಕಲ್ಲಿಗೂ ಪ್ರಾಣ ಇದೆ, ಹಾಕಿಕೊಂಡವರ ಜೊತೆ ಅದಕ್ಕೂ ವಯಸ್ಸಾಗುತ್ತದೆ ಅನ್ನುವುದು ಅವರಲ್ಲಿ ಬಹಳ ಹಳೆಯ ನಂಬಿಕೆ. ಲಡಾಖ್‌ನಲ್ಲಿ ಹೆಂಗಸರು ಹಬ್ಬ ಮದುವೆಗೆ ಪೆರಾಕ್ ಅಂತ ಒಂದು ತೊಡುತ್ತಾರೆ, ಹಣೆಯಿಂದ ಬೆನ್ನಿನವರೆಗೆ ಇಳಿಯುವ ಚರ್ಮದ ಪಟ್ಟಿ, ಅದರ ತುಂಬಾ ಸಾಲು ಸಾಲು ಟರ್ಕಾಯ್ಸ್ ಹೊಲಿದಿರುತ್ತದೆ, ಹಾವಿನ ಹೆಡೆಯ ಹಾಗೆ ಕಾಣುತ್ತದೆ. ತಾಯಿಯಿಂದ ಹಿರಿಯ ಮಗಳಿಗೆ ಹೋಗುವ ಆಸ್ತಿ ಅದು. ನಮ್ಮ ಕೊಡಗಿನಲ್ಲಿ ಕೊಕ್ಕೆತಾತಿ, ಜೋಮಾಲೆ ಎಂಬ ಕತ್ತಿನ ಒಡವೆಗಳು ತಾಯಿಯಿಂದ ಮಗಳಿಗೆ ಬರುವ ಹಾಗೆ.

ಅಮಾಲಾ ಹೇಳಿದ್ದನ್ನು ನಾನು ಆಗ ಕತೆ ಅಂದುಕೊಂಡು ಕೇಳಿದೆ. ರವಿಕೆಯ ಘಟನೆ ಆದ ಮೇಲೆ ಈ ಕಲ್ಲಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಲು ಕೂತಾಗ ಗೊತ್ತಾಯಿತು, ಬಣ್ಣ ಬದಲಾಗುವುದು ನಿಜ. ಮೈಗೆ ತಾಗಿಕೊಂಡಿರುವ ಟರ್ಕಾಯ್ಸ್ ವರ್ಷಗಳು ಕಳೆದ ಹಾಗೆ ಹಸಿರಾಗುತ್ತದೆ. ಅದಕ್ಕೆ ಕಾರಣ ಕಲ್ಲಿನ ಒಳಗೇ ಇದೆ.

ಟರ್ಕಾಯ್ಸ್ ಅಂದರೆ ತಾಮ್ರ ಮತ್ತು ಅಲ್ಯೂಮಿನಿಯಂ ಸೇರಿದ ಫಾಸ್ಫೇಟ್, ಜೊತೆಗೆ ನೀರು. ಲೆಕ್ಕದಲ್ಲಿ ಹೇಳಬೇಕೆಂದರೆ ತಾಮ್ರದ ಪರಮಾಣು 1, ಅಲ್ಯೂಮಿನಿಯಂ 6, ಫಾಸ್ಫೇಟ್ 4, ಹೈಡ್ರಾಕ್ಸಿಲ್ 8, ಆಮೇಲೆ ನೀರಿನ ಅಣು 4. ತೂಕಕ್ಕೆ ಹಾಕಿದರೆ 100 ಗ್ರಾಂ ಶುದ್ಧ ಕಲ್ಲಿನಲ್ಲಿ ತಾಮ್ರ ಸುಮಾರು 8 ಗ್ರಾಂ ಮಾತ್ರ. ಆ 8 ಗ್ರಾಂನಿಂದಲೇ ಇಡೀ ನೀಲಿ. ಅಲ್ಯೂಮಿನಿಯಂ ಇರಬೇಕಾದ ಜಾಗಕ್ಕೆ ಕಬ್ಬಿಣ ಬಂದು ಕೂತರೆ ಹುಟ್ಟುವಾಗಲೇ ಹಸಿರು ಕಲ್ಲು. ಇದರ ಹರಳುಗಳು ಎಷ್ಟು ಸಣ್ಣವೆಂದರೆ ಕಣ್ಣಿಗೆ ಕಾಣುವುದೇ ಇಲ್ಲ, ಅವು ಒಂದಕ್ಕೊಂದು ಒತ್ತಿಕೊಂಡು ಗಟ್ಟಿಯಾದ ಮುದ್ದೆ ಇದು. ಬರಿಗಣ್ಣಿಗೆ ಕಾಣುವ ಹರಳು ಅಂದರೆ ದೊಡ್ಡ ಅಪರೂಪ, 1911ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಸಿಕ್ಕಾಗ ಅದೇ ಒಂದು ಸುದ್ದಿಯಾಗಿತ್ತು.

ಮುದ್ದೆ ಆಗಿರುವುದರಿಂದಲೇ ಅದರಲ್ಲಿ ಸಣ್ಣ ಸಣ್ಣ ಸಂದು. ಬೆವರು, ತಲೆಗೆ ಹಚ್ಚಿದ ಎಣ್ಣೆ, ಪೌಡರು, ಸೆಂಟು, ಸೋಪು, ಎಲ್ಲ ಒಳಗೆ ಇಳಿಯುತ್ತದೆ. ಬಿಸಿ ತಾಗಿದರೆ ಒಳಗಿನ ನೀರು ಹೋಗುತ್ತದೆ. ಆಗ ನೀಲಿ ಮಂಕಾಗಿ ಹಸಿರಿಗೆ ತಿರುಗುತ್ತದೆ. ಅಮಾಲಾ ಮನೆಯಲ್ಲಿ ಮೂರು ತಲೆಮಾರಿನ ಹೆಂಗಸರ ಬೆವರು, ಬೆಣ್ಣೆ, ಹೊಗೆ ಎಲ್ಲ ಆ ಕಲ್ಲಿನೊಳಗೆ ಇದೆ. ಕಲ್ಲಿಗೆ ವಯಸ್ಸಾಗುತ್ತದೆ ಅಂತ ಅವರು ಹೇಳಿದ್ದನ್ನು ಈಗ ನಾನು ಬರೀ ನಂಬಿಕೆ ಅನ್ನುವುದಿಲ್ಲ. ಅವರು ನೋಡಿದ್ದನ್ನೇ ಹೇಳಿದರು.

ಈ ನೀಲಿಯನ್ನು ನಾವು ಕೊಡಗಿನವರು ಹೊಸದಾಗಿ ನೋಡಬೇಕಾಗಿಲ್ಲ. ಚಿಕ್ಕಂದಿನಿಂದ ನೋಡಿದ್ದೇವೆ. ಮಳೆಗೆ ಮುಂಚೆ ರೋಗ ಬಾರದ ಹಾಗೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದೇ ಬಣ್ಣ! ನಮ್ಮ ದೊಡ್ಡಪ್ಪ ಈಗಲೂ ತಾವೇ ನಿಂತು ಕಲಸುತ್ತಾರೆ, ಆಳುಗಳಿಗೆ ಬಿಡುವುದಿಲ್ಲ. ಒಳ್ಳೆಮೆಣಸಿನ ಬಳ್ಳಿಗಾದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಮೈಲುತುತ್ತು ಒಂದು ಡ್ರಮ್ಮಿನಲ್ಲಿ, ಸುಣ್ಣ ಇನ್ನೊಂದರಲ್ಲಿ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಮೈಲುತುತ್ತಿನ ನೀರು ಕಡು ನೀಲಿ, ಸುಣ್ಣದ ನೀರು ಬಿಳಿ. ನೀಲಿಯನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕೋಲಿನಲ್ಲಿ ತಿರುಗಿಸಿದರೆ ಮೋಡದ ಹಾಗೆ ಎದ್ದು ಒಂದು ತಿಳಿ ನೀಲಿ ಬರುತ್ತದೆ. ಆಮೇಲೆ ದೊಡ್ಡಪ್ಪ ತಿಕ್ಕಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಾರೆ. ಅಲಗಿನ ಮೇಲೆ ಕೆಂಪಗೆ ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ ಅಂತ ಅರ್ಥ, ಇನ್ನಷ್ಟು ಸುಣ್ಣ ಹಾಕಬೇಕು. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಹೊಡೆದಾದ ಮೇಲೆ ಹತ್ತು ದಿನ ಕಾಫಿ ಎಲೆ, ಮೆಣಸಿನ ಬಳ್ಳಿ, ಡ್ರಮ್ಮಿನ ಬಾಯಿ, ದೊಡ್ಡಪ್ಪನ ಅಂಗಿಯ ತೋಳು, ಎಲ್ಲದರ ಮೇಲೂ ಟರ್ಕಾಯ್ಸ್ ಬಣ್ಣ.

ಮೈಲುತುತ್ತಿನ ಹರಳಿನ ಒಳಗೂ ನೀರಿದೆ. ಒಂದು ಚಮಚ ಹರಳನ್ನು ಕಾಯಿಸಿದರೆ ನೀರು ಹೋಗಿ ಬಿಳಿ ಪುಡಿಯಾಗುತ್ತದೆ, ಮತ್ತೆ ಎರಡು ಹನಿ ನೀರು ಬಿದ್ದರೆ ನೀಲಿ ವಾಪಸ್. ಹೈಸ್ಕೂಲಿನಲ್ಲಿ ಮೇಷ್ಟ್ರು ಮಾಡಿ ತೋರಿಸಿದ್ದು ನೆನಪಿದೆ. ಟರ್ಕಾಯ್ಸ್ ಪಾಪ ಹಾಗೆ ವಾಪಸ್ ಬರುವುದಿಲ್ಲ. ಸುಟ್ಟರೆ ಸುಟ್ಟದ್ದೇ.

ಓದುತ್ತಾ ಹೋದ ಹಾಗೆ ನನಗೆ ಒಂದು ವಿಷಯ ತುಂಬಾ ಹಿಡಿಸಿತು. ಈ ಕಲ್ಲಿಗೆ ಬೇಕಾದ ಮೂರೂ ಸಾಮಾನು ನಮ್ಮ ತೋಟದಲ್ಲಿ ಇದೆ. ತಾಮ್ರ ನಾವೇ ವರ್ಷ ವರ್ಷ ಹೊಡೆಯುತ್ತೇವೆ. ಫಾಸ್ಫೇಟ್ ಗೊಬ್ಬರದಲ್ಲಿ ಹಾಕುತ್ತೇವೆ. ಅಲ್ಯೂಮಿನಿಯಂ ನಮ್ಮ ಕೆಂಪು ಮಣ್ಣಿನಲ್ಲಿ ಬೇಕಾದಷ್ಟಿದೆ, ಹುಳಿ ಜಾಸ್ತಿಯಾದ ಮಣ್ಣಿನಲ್ಲಿ ಅದು ಕಬ್ಬಿಣದ ಜೊತೆ ಸೇರಿ ನಾವು ಹಾಕಿದ ಫಾಸ್ಫೇಟನ್ನು ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಡುವುದೇ ಇಲ್ಲ, ಅದಕ್ಕೇ ಸುಣ್ಣ ಹಾಕಿ ಅಂತ ಕೃಷಿಯವರು ಹೇಳುವುದು. ಮೂರೂ ಇದ್ದು ಒಂದು ಕಾಳು ಟರ್ಕಾಯ್ಸ್ ಇಲ್ಲ. ಯಾಕೆ?

ಅದು ಮಳೆ ಕಡಿಮೆ ಇರುವ ಕಡೆ ಹುಟ್ಟುವ ಕಲ್ಲು. ಮೊದಲು ಅಲ್ಲಿ ತಾಮ್ರದ ಅದಿರು ಇರಬೇಕು. ಅಪರೂಪಕ್ಕೆ ಬೀಳುವ ಮಳೆಯ ನೀರು ಅದಿರಿನ ಮೂಲಕ ಇಳಿಯುತ್ತಾ ಹುಳಿಯಾಗುತ್ತದೆ, ತಾಮ್ರವನ್ನು ಕರಗಿಸಿಕೊಳ್ಳುತ್ತದೆ, ದಾರಿಯಲ್ಲಿ ಸಿಕ್ಕ ಬಂಡೆಯಿಂದ ಅಲ್ಯೂಮಿನಿಯಂ, ಫಾಸ್ಫೇಟ್ ಎತ್ತಿಕೊಳ್ಳುತ್ತದೆ, ಕೊನೆಗೆ ಯಾವುದೋ ಬಿರುಕಿನಲ್ಲಿ ನಿಂತು ಹೆಪ್ಪುಗಟ್ಟುತ್ತದೆ. ಕಲ್ಲಿನ ಮೇಲೆ ಕಾಣುವ ಕಂದು ಕಪ್ಪು ಗೆರೆಗಳು ಆ ಮೂಲ ಬಂಡೆಯ ತುಣುಕುಗಳೇ. ಇದೆಲ್ಲ ಆಗಲು ನೀರು ಸ್ವಲ್ಪವೇ ಇರಬೇಕು, ಕಾಲ ತುಂಬಾ ಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಸುರಿಯುತ್ತದೆ, ಭಾಗಮಂಡಲದಲ್ಲಿ ಅದಕ್ಕೂ ಜಾಸ್ತಿ. ಇಲ್ಲಿ ಏನು ಕರಗಿದರೂ ಹೊಳೆಗೆ, ಕಾವೇರಿಗೆ. ನಿಂತು ಕಲ್ಲಾಗುವುದಕ್ಕೆ ಪುರಸೊತ್ತೇ ಇಲ್ಲ.

ಅದಕ್ಕೇ ಇದರ ಹಳೆಯ ಗಣಿಗಳೆಲ್ಲ ಬೆಂಗಾಡಿನಲ್ಲಿ. ಇರಾನಿನ ನಿಶಾಪುರ, ಈಜಿಪ್ಟಿನ ಸಿನಾಯ್, ಅಮೆರಿಕದ ಅರಿಜೋನಾ, ನೆವಾಡಾ, ನ್ಯೂ ಮೆಕ್ಸಿಕೋ. ನಿಶಾಪುರದ ಕಲ್ಲಿಗೆ ಸಾವಿರಾರು ವರ್ಷದಿಂದ ಹೆಸರು, ಗೆರೆ ಇಲ್ಲದ ಆಕಾಶ ನೀಲಿ. ಪಾರ್ಸಿ ಭಾಷೆಯಲ್ಲಿ ಇದರ ಹೆಸರು ಗೆಲುವು ಅನ್ನುವ ಮಾತಿನ ಜೊತೆ ಬೆಸೆದುಕೊಂಡಿದೆ, ನಮ್ಮಲ್ಲಿ ಫಿರೋಜಾ ಅನ್ನುವುದು ಅದನ್ನೇ. ಫಿರೋಜ್ ಅಂತ ಹೆಸರಿಟ್ಟವರಿದ್ದಾರಲ್ಲ, ಅದೂ ಅದೇ ಬೇರಿನದು. ಈ ಕಲ್ಲು ಟರ್ಕಿಯ ದಾರಿಯಲ್ಲಿ ಯುರೋಪಿಗೆ ಹೋದದ್ದರಿಂದ ಫ್ರೆಂಚರು ಟರ್ಕಿಯದ್ದು ಅಂತ ಕರೆದರು. ಟರ್ಕಿಯಲ್ಲಿ ಅಗೆದದ್ದಲ್ಲ, ಟರ್ಕಿಯಿಂದ ಬಂದದ್ದು. ಹೆಸರು ಮಾತ್ರ ಹಾಗೇ ನಿಂತಿತು.

ಸಿನಾಯ್ ವಿಷಯ ಇನ್ನೂ ಚೆನ್ನಾಗಿದೆ. ಅಲ್ಲಿ ಸೆರಾಬಿತ್ ಅಲ್ ಖಾದಿಮ್ ಎಂಬ ಬೆಟ್ಟದ ಮೇಲೆ ಹಾಥೋರ್ ದೇವಿಯ ಗುಡಿಯಿದೆ. ಈಜಿಪ್ಟಿನವರು ಆಕೆಯನ್ನು ಟರ್ಕಾಯ್ಸ್ ಒಡತಿ ಅಂತಲೇ ಕರೆಯುತ್ತಿದ್ದರು. ಸುಮಾರು 3,800 ವರ್ಷದ ಹಿಂದೆ, ಮೂರನೇ ಅಮೆನೆಮ್ಹೆತ್ ದೊರೆಯ ಕಾಲದಲ್ಲಿ, ಕಲ್ಲು ತರಲು ಒಬ್ಬ ಅಧಿಕಾರಿಯನ್ನು ಬೇಸಿಗೆಯಲ್ಲಿ ಕಳಿಸಿದರು. ಅವನು ಅಲ್ಲಿ ಒಂದು ಕಲ್ಲಿನ ಮೇಲೆ ಕೆತ್ತಿಸಿಟ್ಟಿದ್ದಾನೆ: ಇದು ಇಲ್ಲಿಗೆ ಬರುವ ಕಾಲವಲ್ಲ, ಬೆಟ್ಟ ಕಾದಿದೆ, ಬೇಸಿಗೆಯಲ್ಲಿ ಕಲ್ಲಿಗೆ ಸರಿಯಾದ ಬಣ್ಣ ಸಿಗುವುದಿಲ್ಲ ಅಂತ ಜೊತೆಯವರು ಹೇಳುತ್ತಿದ್ದರು, ಆದರೂ ನಾನು ಬಿಡಲಿಲ್ಲ, ದೇವಿ ಕೈಹಿಡಿದಳು, ಒಳ್ಳೇ ಕಲ್ಲು ಸಿಕ್ಕಿತು, ಇದು ಅದರ ತಾತ್ಪರ್ಯ. ಇದನ್ನು ಓದಿದಾಗ ಮೈ ಜುಮ್ಮೆಂದಿತು ನನಗೆ. ಬಣ್ಣ ಸರಿ ಇರುತ್ತದೋ ಇಲ್ಲವೋ ಅನ್ನುವ ಆ ಹೆದರಿಕೆ ನನಗೆ ಚೆನ್ನಾಗಿ ಗೊತ್ತು. ಅದೇ ಗಣಿಗಳ ಹತ್ತಿರ ಕೆಲಸಗಾರರು ಗೀಚಿದ ಅಕ್ಷರಗಳು 1905ರಲ್ಲಿ ಫ್ಲಿಂಡರ್ಸ್ ಪೆಟ್ರಿ ಎಂಬ ಪುರಾತತ್ವಜ್ಞರಿಗೆ ಸಿಕ್ಕವು. ಇಂಗ್ಲಿಷ್ ಅಕ್ಷರಮಾಲೆಯ ಬೇರು ಹುಡುಕುತ್ತಾ ಹೋದರೆ ಆ ಗೀಚುಗಳ ಹತ್ತಿರ ಬಂದು ನಿಲ್ಲುತ್ತದೆ.

ನಕಲಿ ಮಾಡುವುದೂ ಹೊಸದಲ್ಲ. ಅದೇ ಈಜಿಪ್ಟಿನಲ್ಲಿ ಮರಳಿನ ಪುಡಿಗೆ ತಾಮ್ರ ಸೇರಿಸಿ ಸುಟ್ಟು ನೀಲಿ ಮಣಿ ಮಾಡುತ್ತಿದ್ದರು. ಆದರೆ ಈಗಿನದ್ದು ಗೊತ್ತಿರಬೇಕು, ಯಾಕೆಂದರೆ ಈಗಿನದ್ದಕ್ಕೆ ನಾವು ಹಣ ಕೊಡುತ್ತೇವೆ. ಅಂಗಡಿಯಲ್ಲಿ ಸಿಗುವ ಅಸಲಿ ಟರ್ಕಾಯ್ಸ್‌ನಲ್ಲೂ ಹೆಚ್ಚಿನದಕ್ಕೆ ರೆಸಿನ್, ಅಂದರೆ ಒಣಗಿ ಗಟ್ಟಿಯಾಗುವ ಅಂಟು, ಕುಡಿಸಿರುತ್ತಾರೆ. ಗಣಿಯಿಂದ ಬರುವ ತುಂಬಾ ಕಲ್ಲು ಮೆದು, ಕೊರೆದರೆ ಉದುರುತ್ತದೆ, ಅದಕ್ಕೆ ಒತ್ತಡದಲ್ಲಿ ರೆಸಿನ್ ಇಳಿಸಿ ಗಟ್ಟಿ ಮಾಡುತ್ತಾರೆ. ಇದನ್ನು ನಾನು ಮೋಸ ಅನ್ನುವುದಿಲ್ಲ. ಹೇಳಿ ಮಾರಬೇಕು ಅಷ್ಟೇ. ಬೆವರುವವರಿಗೆ, ನಮ್ಮ ಮಳೆಗೆ, ದಿನಾ ಹಾಕಿಕೊಳ್ಳುವುದಕ್ಕೆ ಅದೇ ವಾಸಿ. ಕಲ್ಲಿನ ಪುಡಿಯನ್ನು ರೆಸಿನ್‌ನಲ್ಲಿ ಕಲಸಿ ಅಚ್ಚು ಹೊಯ್ದದ್ದು ಬೇರೆ, ಅದಕ್ಕೆ ಕಲ್ಲಿನ ಬೆಲೆ ಕೊಡಬೇಡಿ. ಆಫ್ರಿಕನ್ ಟರ್ಕಾಯ್ಸ್ ಅಂತ ಒಂದು ಬರುತ್ತದೆ, ಅದು ಜಾಸ್ಪರ್ ಎಂಬ ಬೇರೆಯೇ ಕಲ್ಲು. ಅರಿಜೋನಾದ ಸ್ಲೀಪಿಂಗ್ ಬ್ಯೂಟಿ ಗಣಿಯ ಕಲ್ಲು ಅಂತ ಯಾರಾದರೂ ಅಗ್ಗಕ್ಕೆ ಕೊಟ್ಟರೆ ಎರಡು ಸಲ ಯೋಚಿಸಿ. ಅಲ್ಲಿ ಟರ್ಕಾಯ್ಸ್ ತೆಗೆಯುವುದು 2012ರಲ್ಲೇ ನಿಂತಿದೆ.

ನಾನು ಈಗ ಯಾವ ಮಣಿ ತಂದರೂ ಮೊದಲು ತೂತಿನೊಳಗೆ ಟಾರ್ಚ್ ಹಿಡಿದು ನೋಡುತ್ತೇನೆ. ಬಣ್ಣ ಹಾಕಿದ್ದಾದರೆ ತೂತಿನ ಒಳಗೋಡೆಯಲ್ಲಿ ಎಲ್ಲೋ ಒಂದು ಕಡೆ ಬಿಳಿ ಇಣುಕುತ್ತದೆ, ಇಲ್ಲಾ ಬಿರುಕಿನಲ್ಲಿ ನೀಲಿ ಗಾಢವಾಗಿ ಕೂತಿರುತ್ತದೆ. ಆಮೇಲೆ ಹತ್ತಿಗೆ ನೈಲ್ ಪಾಲಿಷ್ ತೆಗೆಯುವ ದ್ರಾವಣ ಹಾಕಿ ಒಂದು ಮಣಿಯ ಮೂಲೆ ಒರೆಸುತ್ತೇನೆ, ಅಸಿಟೋನ್ ಇರುವ ದ್ರಾವಣವೇ ಆಗಬೇಕು. ಹತ್ತಿ ನೀಲಿಯಾದರೆ ಅಲ್ಲಿಗೇ ಬಿಟ್ಟೆ. ಒಳ್ಳೇ ಕಲ್ಲಿಗೆ ಇದನ್ನು ಪದೇ ಪದೇ ಮಾಡಬಾರದು, ಬೇರೆಯವರ ಒಡವೆಗಂತೂ ಮಾಡಲೇಬಾರದು. ಇನ್ನೊಂದು, ಒಂದು ಮಣಿ ಹಾಳಾದರೂ ಪರವಾಗಿಲ್ಲ ಅಂತಿದ್ದರೆ ಕತ್ತಿಯ ತುದಿಯಲ್ಲಿ ಗೀರಿ ನೋಡಬಹುದು. ಮೋಹ್ಸ್ ಅಳತೆಯಲ್ಲಿ ಟರ್ಕಾಯ್ಸ್ ಗಟ್ಟಿತನ 5ರಿಂದ 6, ಹೌಲೈಟ್ 3.5. ಹೌಲೈಟ್ ಸುಲಭಕ್ಕೆ ಗೀರು ಬೀಳುತ್ತದೆ. ಮೇಲೆ ಮೇಣ ಹಚ್ಚಿ ಬಣ್ಣ ಮುಚ್ಚಿದ್ದರೆ ಇವುಗಳಲ್ಲಿ ಯಾವುದೂ ಸರಿಯಾಗಿ ಹೇಳುವುದಿಲ್ಲ, ದೊಡ್ಡ ಹಣದ ಕಲ್ಲಾದರೆ ಲ್ಯಾಬಿಗೆ ಕಳಿಸಿ.

ಗುರುವಿಗೆ ಫಿರೋಜಾ ಆಗುತ್ತಾ ಅಂತ ಕೇಳುತ್ತಾ ಬರುವವರೂ ಇದ್ದಾರೆ. ನವರತ್ನದಲ್ಲಿ ಇದು ಇಲ್ಲ, ಪುಷ್ಯರಾಗಕ್ಕೆ ಬದಲು ಹಾಕುವ ಉಪರತ್ನ ಅಂತ ಹೇಳುತ್ತಾರೆ. ಅದು ನಿಮ್ಮ ಜ್ಯೋತಿಷಿಗಳಿಗೆ ಬಿಟ್ಟದ್ದು, ಕಲ್ಲು ಯಾವುದು ಅನ್ನುವುದನ್ನು ಮಾತ್ರ ನಾನು ಹೇಳುತ್ತೇನೆ ಎನ್ನುತ್ತೇನೆ.

ನಮ್ಮ ಊರಿನವರಿಗೆ ಒಂದು ಮಾತು. ಮಳೆಗಾಲದಲ್ಲಿ ಬೂಷ್ಟು ಹಿಡಿಯಬಾರದು ಅಂತ ಬೀರುವಿನೊಳಗೆ ಬಲ್ಬ್ ಉರಿಸಿಡುತ್ತೇವೆ. ಟರ್ಕಾಯ್ಸ್ ಇದ್ದರೆ ದಯವಿಟ್ಟು ಆ ಬೀರುವಿನಲ್ಲಿ ಇಡಬೇಡಿ. ಒಲೆಯ ಹತ್ತಿರವೂ ಬೇಡ. ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿ ಬೇರೆ ಒಡವೆಗಳಿಂದ ದೂರ ಇಡಿ, ಬೇರೆ ಕಲ್ಲುಗಳು ಇದನ್ನು ಗೀರುತ್ತವೆ. ಸೆಂಟು, ಕ್ರೀಮು ಎಲ್ಲ ಮುಗಿಸಿ ಕೊನೆಗೆ ಹಾಕಿಕೊಳ್ಳಿ, ಮನೆಗೆ ಬಂದ ಕೂಡಲೇ ಮೊದಲು ತೆಗೆಯಿರಿ, ಒಣ ಬಟ್ಟೆಯಲ್ಲಿ ಒರೆಸಿ. ಬೆಳ್ಳಿ ಅಂಗಡಿಯವರು ಮಿಷನ್ನಿಗೆ ಹಾಕಿ ತೊಳೆದುಕೊಡುತ್ತೇವೆ ಅಂದರೆ ಬೇಡ ಅನ್ನಿ.

ವಿರಾಜಪೇಟೆಯವರಿಗೆ ಆಮೇಲೆ ಒಂದು ಸಣ್ಣ ಪೆಂಡೆಂಟ್ ಮಾಡಿ ಕಳಿಸಿದೆ. ಅಸಲಿ ಕಲ್ಲು, ರೆಸಿನ್ ಕುಡಿಸಿದ್ದು, ಹಾಗಂತ ಚೀಟಿಯಲ್ಲಿ ಬರೆದೇ ಕಳಿಸಿದೆ. ಅವರು ಹಣ ಹಾಕಿಬಿಟ್ಟರು, ಬೇಡ ಅಂದರೂ ಕೇಳಲಿಲ್ಲ. ಅಮಾಲಾ ಈ ಲೋಸಾರ್‌ಗೆ ಸರವನ್ನು ಮೊಮ್ಮಗಳ ಕತ್ತಿಗೆ ಹಾಕಿದ್ದರು. ಹುಡುಗಿ ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಹಬ್ಬಕ್ಕೆ ಬಂದಿದ್ದಳು. ನಾನು ಹಾಕಿದ ದಾರ ಗಟ್ಟಿಯಾಗೇ ಇತ್ತು, ಮುಟ್ಟಿ ನೋಡಿದೆ.

ಒಡೆದ ಆ ಮಣಿಯ ಎರಡು ಹೋಳುಗಳನ್ನು ಎಸೆಯಲಿಲ್ಲ. ಒಂದು ಸಣ್ಣ ಡಬ್ಬಿಯಲ್ಲಿ ಮೇಜಿನ ಮೇಲೇ ಇಟ್ಟಿದ್ದೇನೆ, ಕೊಳ್ಳಲು ಬಂದವರಿಗೆಲ್ಲ ತೋರಿಸುತ್ತೇನೆ. ಮೊನ್ನೆ ಸುಂಟಿಕೊಪ್ಪದಿಂದ ಬಂದಿದ್ದ ಕಾಲೇಜು ಹುಡುಗಿ ಒಂದು ಹೋಳನ್ನು ಬೆರಳಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಅಕ್ಕಾ, ಒಳಗಿನ ಬಿಳಿಯೇ ಚೆನ್ನಾಗಿದೆಯಲ್ಲ. ಬಣ್ಣ ಹಾಕದೆ ಇದನ್ನೇ ಪೋಣಿಸಿ ಕೊಡ್ತೀರಾ?" ಎಂದಳು. ಹೌಲೈಟ್, ಬಣ್ಣ ಹಾಕದ್ದು, ಎರಡು ಎಳೆ ತರಿಸಿದೆ. ಹಾಲಿನ ಬಿಳಿ, ಬೂದು ಗೆರೆ. ನಡುವೆ ಸಣ್ಣ ಬೆಳ್ಳಿ ಮಣಿ ಹಾಕುತ್ತಿದ್ದೇನೆ. ಈ ವಾರ ಮುಗಿಯುತ್ತದೆ.